ಮದ್ದಿನ ಮನೆ ಜಾಗ ಬದಲಿಸಿದ ಕಥೆ

ಕಳೆದ ರಜೆಯಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ರೈಲು ನಿಲ್ದಾಣದ ಹತ್ತಿರ ಒಂದು ಹಳೆಯ ಇಟ್ಟಿಗೆ ಕಟ್ಟಡ ತೋರಿಸಿ, "ಇದು ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆ" ಎಂದೆ. ನನ್ನ ಪುಳ್ಳಿ ಕೇಳಿದಳು, "ಸೈನಿಕರಿಗೆ ಜ್ವರ ಬಂದರೆ ಇಲ್ಲಿಗೆ ಬರುವುದಾ ಅಜ್ಜ?"

ತಪ್ಪು ಅವಳದ್ದಲ್ಲ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಮದ್ದು ಎಂದರೆ ಔಷಧ. "ಪುತ್ತೂರು ಜಾತ್ರೆಯ ಬೆಡಿ ನೋಡಿದ್ದೀಯಲ್ಲ, ಆ ಮದ್ದು" ಎಂದ ಮೇಲೆ ಅವಳಿಗೆ ಅರ್ಥವಾಯಿತು.

ಮಕ್ಕಳೇ, ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ ಈ ಮದ್ದಿಗೆ ಇಬ್ಬರು ಶತ್ರುಗಳು: ಒಂದು ಕಿಡಿ, ಇನ್ನೊಂದು ತೇವ. ಮಳೆಗಾಲದಲ್ಲಿ ಅಡಿಕೆ ಕಾಪಾಡುವ ಕಷ್ಟ ನಿಮ್ಮ ಅಜ್ಜಿಯನ್ನು ಕೇಳಿ, ಗೊತ್ತಾಗುತ್ತದೆ. ಅದಕ್ಕೇ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆ, ಮೇಲೆ ಕಮಾನಿನ ಮಾಡು. ಇಂಥ ಮನೆಗಳು ಆ ಕೋಟೆಯಲ್ಲಿ ಒಂದಲ್ಲ, ಹತ್ತರಷ್ಟು ಉಂಟು, ಅಲ್ಲೊಂದು ಇಲ್ಲೊಂದು. ಒಂದಕ್ಕೆ ಬೆಂಕಿ ಬಿದ್ದರೂ ಉಳಿದವು ಉಳಿಯಬೇಕಲ್ಲ. ನಮ್ಮ ಬ್ಯಾಂಕಿನಲ್ಲೂ ತಿಜೋರಿಯ ಎರಡು ಬೀಗದಕೈ ಒಬ್ಬನ ಹತ್ತಿರ ಇರುತ್ತಿರಲಿಲ್ಲ!

1799ರ ಮೇ 4ರಂದು ಕೋಟೆ ಬ್ರಿಟಿಷರ ಪಾಲಾಯಿತು. ಮದ್ದಿನ ಮನೆಗಳು ಮಾತ್ರ ನಿಂತೇ ಇದ್ದವು. ಆಮೇಲೆ ಕೋಟೆಯೊಳಗೇ ರೈಲು ಬಂತು. ಬೆಂಗಳೂರು–ಮೈಸೂರು ಹಳಿಯನ್ನು ಜೋಡಿ ಮಾಡುವಾಗ ಒಂದು ಮದ್ದಿನ ಮನೆ ಸರಿಯಾಗಿ ದಾರಿಗೆ ಅಡ್ಡ. ಕೆಲಸ ವರ್ಷಗಟ್ಟಲೆ ನಿಂತಿತು. ಕೆಡವುವುದಾದರೆ ಒಂದು ದಿನದ ಕೆಲಸ. ನಾನು ದುಡಿದ ಹಳೆಯ ಹೆಂಚಿನ ಕಟ್ಟಡ ಮಧ್ಯಾಹ್ನದ ಊಟದೊಳಗೆ ನೆಲಸಮವಾದದ್ದನ್ನು ಕಣ್ಣಾರೆ ಕಂಡವನು ನಾನು.

ಇದನ್ನು ಕೆಡವಲಿಲ್ಲ. 2017ರಲ್ಲಿ ಬುಡದ ಸುತ್ತ ಮಣ್ಣು ಅಗೆದು, ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್ ಕೊಟ್ಟು ಇಡೀ ಕಟ್ಟಡವನ್ನು ಒಂದೇ ಮಟ್ಟದಲ್ಲಿ ಎತ್ತಿದರು. ಅಮೆರಿಕದಿಂದ ಮನೆ ಸಾಗಿಸುವ ಕಸುಬಿನವರೂ ಬಂದಿದ್ದರು. ಭಾರ ಸುಮಾರು 1,000 ಟನ್. ಹತ್ತು ಟನ್ ಹೇರಿದ ಲಾರಿಗಳಾದರೆ ನೂರು ಲಾರಿ ಲೋಡು, ಲೆಕ್ಕ ಹಾಕಿ ನೋಡಿ. ಅದನ್ನು ಮೆಲ್ಲ ಮೆಲ್ಲಗೆ ನೂರು ಮೀಟರಿನಷ್ಟು ದೂರ ಜರುಗಿಸಿ ಹೊಸ ಪಾಯದ ಮೇಲೆ ಕೂರಿಸಿದರು.

ಪುಳ್ಳಿ ಗೋಡೆ ಮುಟ್ಟಿ ನೋಡಿದಳು. ಊರಲ್ಲಿ ನಮ್ಮ ತರವಾಡು ಮನೆಯ ಜಗಲಿಗೆ ರಸ್ತೆ ಅಗಲ ಮಾಡುವವರು ಕೆಂಪು ಗುರುತು ಹಾಕಿ ಹೋಗಿ ಮೂರು ತಿಂಗಳಾಯಿತು. ಅವಳಿಗೂ ಅದು ಗೊತ್ತುಂಟು.

"ನಮ್ಮ ಮನೆಯನ್ನೂ ಹೀಗೆ ಜರುಗಿಸಲಿಕ್ಕೆ ಆಗುತ್ತದಾ ಅಜ್ಜ? ತೋಟದ ಹತ್ತಿರ ಜಾಗ ಉಂಟಲ್ಲ?"

"ಖರ್ಚು ಎಷ್ಟು ಕೇಳಬೇಕು ಮಗಾ" ಎಂದೆ. ರೈಲಿನಲ್ಲಿ ಸುಬ್ರಹ್ಮಣ್ಯ ರೋಡ್ ಬರುವವರೆಗೆ ಅವಳು ನೋಟ್‌ಬುಕ್ಕಿನಲ್ಲಿ ಮನೆಯ ಅಡಿಗೆ ತೊಲೆ ಇಡುವ ಚಿತ್ರ ಬಿಡಿಸುತ್ತಲೇ ಇದ್ದಳು.