ಕದ ಇಟ್ಟರೆ ಸಾಲದು, ಕದ ನೋಡಿಕೊಳ್ಳಲು ಹಣವೂ ಬೇಕು

ನೀರು ಗುಡ್ಡ ಹತ್ತುವುದಿಲ್ಲ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಂಗ್ಲೆಂಡಿನ ಡಿವೈಜಸ್ ಎಂಬ ಪಟ್ಟಣದ ಬಳಿ ದೋಣಿಗಳು ಗುಡ್ಡ ಹತ್ತುತ್ತವೆ. ಎರಡು ಮೈಲಿಯ ದಾರಿಯಲ್ಲಿ ಅವು ಏರುವ ಎತ್ತರ 237 ಅಡಿ. ಅದಕ್ಕಾಗಿ ಕಟ್ಟಿರುವ ಲಾಕುಗಳು 29. ಅವುಗಳಲ್ಲಿ 16 ಲಾಕುಗಳು ಕೇನ್ ಹಿಲ್ ಎಂಬ ಗುಡ್ಡದ ಇಳಿಜಾರಿನಲ್ಲಿ ನೇರವಾಗಿ ಮೆಟ್ಟಿಲಿನಂತೆ ಸಾಲಾಗಿವೆ. ಲಂಡನ್ ಕಡೆಗೂ ಬ್ರಿಸ್ಟಲ್ ರೇವಿಗೂ ನಡುವೆ ಸರಕು ಸಾಗಿಸಲು ತೋಡಿದ ಕೆನೆಟ್-ಏವನ್ ಕಾಲುವೆಯಲ್ಲಿ ಇವೇ ಕೊನೆಗೆ ಮುಗಿದ ಭಾಗ. ಎಂಜಿನಿಯರ್ ಜಾನ್ ರೆನ್ನಿ. ಮುಗಿದದ್ದು 1810ರಲ್ಲಿ.

ಲಾಕ್ ಎಂದ ಕೂಡಲೇ ಬೀಗ ಎಂದುಕೊಳ್ಳಬೇಡಿ. ಅದೊಂದು ಕಟ್ಟಡದ ತೊಟ್ಟಿ, ಎರಡು ತುದಿಗೂ ಮರದ ಜೋಡಿ ಕದ. ಕೆಳಗಿನಿಂದ ಬಂದ ದೋಣಿ ಒಳಗೆ ಸೇರಿದ ಮೇಲೆ ಹಿಂದಿನ ಕದ ಮುಚ್ಚಿ, ಮೇಲಿನ ತೂಬು ಎತ್ತುತ್ತಾರೆ. ನೀರು ತುಂಬುತ್ತದೆ, ದೋಣಿ ತೇಲಿ ಮೇಲೇಳುತ್ತದೆ, ಮುಂದಿನ ಕದ ತೆರೆದು ಹೊರಡುತ್ತದೆ. ಜೋಡಿ ಕದಗಳು ಮೇಲಿನ ನೀರಿನ ಕಡೆಗೆ ಮೂತಿ ಮಾಡಿ ಕೂಡುವುದರಿಂದ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಅಗುಳಿ ಬೇಕಿಲ್ಲ, ಚಿಲಕ ಬೇಕಿಲ್ಲ. ಎಂಜಿನ್ನೂ ಇಲ್ಲದೆ, ಒಂದು ಕೈಹಿಡಿಯಿಂದ ತೂಬು ತಿರುಗಿಸಿ ಗಂಡ ಹೆಂಡತಿ ಇಬ್ಬರೇ ದೋಣಿ ದಾಟಿಸಿಕೊಂಡು ಹೋಗುತ್ತಾರೆ.

ಇನ್ನು ನೀರಿನ ಲೆಕ್ಕ ನೋಡಿ. ದೋಣಿ ಹತ್ತಲಿ, ಇಳಿಯಲಿ, ಒಂದು ತೊಟ್ಟಿ ನೀರು ಮೇಲಿನಿಂದ ಕೆಳಕ್ಕೆ ಹೋಯಿತೆಂದೇ ಲೆಕ್ಕ. ಇಲ್ಲಿನ ಒಂದು ತೊಟ್ಟಿ ಎಂದರೆ ಎರಡು ಲಕ್ಷ ಲೀಟರಿಗೂ ಮಿಕ್ಕಿದ ನೀರು. ಬಲ್ಲ ದೋಣಿಯವರು ಜೊತೆಗೊಬ್ಬರು ಬರುವವರೆಗೆ ಕಾದು, ಅಕ್ಕಪಕ್ಕ ನಿಂತು ಒಂದೇ ನೀರಿನಲ್ಲಿ ಇಬ್ಬರೂ ದಾಟುತ್ತಾರೆ. ಒಬ್ಬನು ಹತ್ತಿದ ಮೇಲೆ ಎದುರಿನಿಂದ ಬಂದವನು ಅದೇ ತುಂಬಿದ ತೊಟ್ಟಿಯಲ್ಲಿ ಇಳಿದರೂ ಉಳಿತಾಯವೇ. ತೂಬಿನ ಸರದಿ ಕಾದವರಿಗೆ ಇದರ ಬೆಲೆ ಗೊತ್ತು.

ಗುಡ್ಡ ಕಡಿದಾದ್ದರಿಂದ ಲಾಕಿಗೂ ಲಾಕಿಗೂ ನಡುವೆ ನೀರು ನಿಲ್ಲಲು ಜಾಗವಿಲ್ಲ. ರೆನ್ನಿ ಅದಕ್ಕೆ ಉದ್ದದ ಬದಲು ಅಗಲ ಹುಡುಕಿದ. ಪ್ರತಿ ಎರಡು ಲಾಕುಗಳ ನಡುವೆ ಪಕ್ಕಕ್ಕೆ ಚಾಚಿದ ಒಂದೊಂದು ಕೊಳ ತೋಡಿಸಿದ. ಮೇಲಿನ ಲಾಕಿನ ನೀರು ಆ ಕೊಳದಲ್ಲಿ ನಿಂತು ಕೆಳಗಿನ ಲಾಕಿಗೆ ಒದಗುತ್ತದೆ. 1996ರಲ್ಲಿ ಗುಡ್ಡದ ಬುಡದ ಫಾಕ್ಸ್‌ಹ್ಯಾಂಗರ್ಸ್ ಎಂಬಲ್ಲಿ ಪಂಪು ಕೂಡಿಸಿದರು. ಇಳಿದು ಹೋದ ನೀರನ್ನು ಅದು ತಿರುಗಿ ನೆತ್ತಿಗೆ ಏರಿಸುತ್ತದೆ. ದಿನಕ್ಕೆ 3 ಕೋಟಿ 20 ಲಕ್ಷ ಲೀಟರ್ ಅದರ ಶಕ್ತಿ.

ಇಷ್ಟು ಜಾಣತನದಿಂದ ಕಟ್ಟಿದ ಕಾಲುವೆ ನಡುವೆ ಹಾಳುಬಿದ್ದಿತ್ತು. ಕಲ್ಲು ಕೆಟ್ಟದ್ದಲ್ಲ, ನೀರು ಬತ್ತಿದ್ದಲ್ಲ. 1841ರಲ್ಲಿ ಲಂಡನ್‌ನಿಂದ ಬ್ರಿಸ್ಟಲ್‌ಗೆ ರೈಲು ಬಂತು, ಸರಕು ಅತ್ತ ಹೋಯಿತು. 1852ರಲ್ಲಿ ಕಾಲುವೆಯ ಆಡಳಿತವೇ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯ ಕೈಸೇರಿತು. ಹಾಲಿನ ಕಾವಲಿಗೆ ಬೆಕ್ಕನ್ನು ಕೂಡಿಸಿದಂತಾಯಿತು. ಸುಂಕ ಏರಿತು, ದುರಸ್ತಿಯ ಖರ್ಚು ಇಳಿಯಿತು. 1926ರಲ್ಲಿ ಕಂಪನಿ ಕಾಲುವೆಯನ್ನು ಮುಚ್ಚಲು ನೋಡಿತು, ಜನ ವಿರೋಧಿಸಿದ್ದರಿಂದ ಆಗಲಿಲ್ಲ. 1948ರಲ್ಲಿ ಕಾಲುವೆ ಸರ್ಕಾರದ್ದಾಯಿತು. ಆಗಲೂ ದುರಸ್ತಿ ನಡೆಯಲಿಲ್ಲ, ಕೇನ್ ಹಿಲ್ ಲಾಕುಗಳ ಕದ ಕೊಳೆತವು, ತೊಟ್ಟಿಗಳಲ್ಲಿ ಕಳೆ ಬೆಳೆಯಿತು.

ಮತ್ತೆ ಮುಚ್ಚುವ ಮಾತು ಬಂದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಅರ್ಜಿಗೆ ರುಜು ಹಾಕಿದರು. 1956ರಲ್ಲಿ ಆ ಅರ್ಜಿಯನ್ನು ಜಲಮಾರ್ಗವಾಗಿಯೇ ಲಂಡನ್ನಿಗೆ ಒಯ್ದು ರಾಣಿಯವರಿಗೆ ಕಳುಹಿಸಿದರು. ಆಮೇಲೆ ಬರೇ ಅರ್ಜಿಯಲ್ಲೇ ನಿಲ್ಲಲಿಲ್ಲ. ರಜೆಯ ದಿನಗಳಲ್ಲಿ ಸಂಬಳವಿಲ್ಲದೆ ಬಂದು ಕೆಸರು ಎತ್ತಿದರು, ಚಂದಾ ಕೂಡಿಸಿದರು, ಸರ್ಕಾರದವರನ್ನೂ ಕೆಲಸಕ್ಕೆ ಎಳೆದರು. 1990ರ ಆಗಸ್ಟ್‌ನಲ್ಲಿ ರಾಣಿ ಎರಡನೆಯ ಎಲಿಜಬೆತ್ ಕೇನ್ ಹಿಲ್‌ನಲ್ಲೇ ಕಾಲುವೆಯನ್ನು ಮತ್ತೆ ತೆರೆದರು.

ಕಥೆ ಇಲ್ಲಿಗೆ ಮುಗಿಯಿತೆಂದು ಆ ದೇಶದ ಸರ್ಕಾರ ಎಣಿಸಿದಂತಿದೆ. ನಮ್ಮ ತಕರಾರು ಇರುವುದು ಅಲ್ಲೇ. ಲಾಕಿನ ಕದಗಳು ಓಕ್ ಮರದವು. ಹಗಲಿರುಳು ನೀರಿನಲ್ಲಿ ನಿಂತ ಮರ ಸುಮಾರು 25 ವರ್ಷ ಬಾಳೀತು, ಬಳಿಕ ಹೊಸದು ಮಾಡಿಸಬೇಕು. 29 ಲಾಕುಗಳಲ್ಲಿ ಯಾವುದಾದರೊಂದರ ಸರದಿ ಬರುತ್ತಲೇ ಇರುತ್ತದೆ. 2012ರಲ್ಲಿ ಸರ್ಕಾರ ಈ ಕಾಲುವೆಗಳ ಹೊಣೆಯನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆಗೆ ಒಪ್ಪಿಸಿತು. 2027ರಿಂದ ಅದರ ಅನುದಾನವನ್ನು ವರ್ಷದಿಂದ ವರ್ಷಕ್ಕೆ ಇಳಿಸುವುದಾಗಿ 2023ರಲ್ಲಿ ಪ್ರಕಟಿಸಿತು.

ಈಗ ಅಲ್ಲಿ ಓಡಾಡುವುದು ಹೆಚ್ಚಾಗಿ ವಿಹಾರದ ದೋಣಿಗಳು, ವಿಹಾರ ಮಾಡುವವರೇ ಹಣ ಕೊಡಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ದೋಣಿಯವರು ಲೈಸೆನ್ಸಿಗೆ ಈಗಲೂ ಹಣ ಕಟ್ಟುತ್ತಾರೆ. ಆದರೆ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಡದ ದಾರಿಯಲ್ಲಿ ಇಂದು ನಡೆಯುವವರು, ಸೈಕಲ್ ತುಳಿಯುವವರು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಏರಿ ಒಡೆದರೆ ನೀರು ನುಗ್ಗುವುದು ದೋಣಿಯವರ ಮನೆಗಲ್ಲ, ಪಕ್ಕದ ಹೊಲಗಳಿಗೆ. ಊರಿನ ಸೊತ್ತಿಗೆ ಊರೆಲ್ಲ ತೆರಬೇಕು. ಅನುದಾನ ಇಳಿಸುವವರು ಒಂದು ಕದ ಬದಲಿಸುವ ದಿನ ಕೇನ್ ಹಿಲ್‌ಗೆ ಬರಲಿ. ತೊಟ್ಟಿಯ ನೀರನ್ನೆಲ್ಲ ಹೊರಹಾಕಿ, ಹಳೆಯ ಕದವನ್ನು ಕ್ರೇನಿನಿಂದ ಎತ್ತಿ, ಅಳತೆಗೆ ಸರಿಯಾಗಿ ಮಾಡಿಸಿದ ಹೊಸ ಕದವನ್ನು ಇಳಿಸಿ ಕೂಡಿಸುತ್ತಾರೆ. ಇಷ್ಟೂ ಕೆಲಸ ದೋಣಿ ಸಂಚಾರ ಕಡಿಮೆಯಿರುವ ಚಳಿಗಾಲದಲ್ಲೇ ಆಗಬೇಕು.