ನೇಕಾರರ ಊರಿನಿಂದ ನಮಗೊಂದು ಪಾಠ

ಮೆಕ್ಸಿಕೋ ದೇಶದ ವಹಾಕಾ ರಾಜ್ಯದಲ್ಲಿ ತೆಯೋತಿತ್ಲಾನ್ ದೆಲ್ ವಾಯೆ ಎಂಬ ಹಳ್ಳಿಯಿದೆ. ಅಲ್ಲಿನ ಸಾಪೋಟೆಕ್ ಜನ ನೆಲಕ್ಕೆ ಹಾಸುವ ಉಣ್ಣೆಯ ಜಮಖಾನ ನೇಯುವುದರಲ್ಲಿ ಹೆಸರಾದವರು. ಆ ಹಳ್ಳಿಯನ್ನು ನೋಡಿ ಬರುವ ಅವಕಾಶ ನಮಗೆ ಒದಗಿತ್ತು. ನೇಕಾರರ ಸುದ್ದಿ ಕಾಫಿ, ಅಡಿಕೆ ಬೆಳೆಗಾರರಿಗೆ ಏಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ದಯವಿಟ್ಟು ಕೊನೆಯವರೆಗೆ ಓದಬೇಕು.

ಕುರಿಯೂ, ಕಾಲಿನಿಂದ ತುಳಿಯುವ ಮಗ್ಗವೂ ಆ ನಾಡಿಗೆ 16ನೆಯ ಶತಮಾನದಲ್ಲಿ ಸ್ಪೇನಿನವರು ತಂದದ್ದು. ಅದಕ್ಕೂ ಹಿಂದೆ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಹತ್ತಿಬಟ್ಟೆ ನೇಯುತ್ತಿದ್ದರು. ಕೆಂಪು ಬಣ್ಣ ಮಾತ್ರ ಅವರದೇ ನೆಲದ್ದು. ಅದು ಬರುವುದು ಪಾಪಾಸುಕಳ್ಳಿಯ ಮೇಲೆ ಸಾಕುವ ಕೊಚಿನಿಯಲ್ ಎಂಬ ಹುಳದಿಂದ. ನಮ್ಮ ಕಾಫಿ ಗಿಡದ ಹಿಟ್ಟುತಿಗಣೆಗೆ ಅದು ದೂರದ ನೆಂಟ. ಹೆಂಗಸರ ಸಹಕಾರ ಸಂಘವೊಂದರಲ್ಲಿ ಒಬ್ಬರು ಒಣಹುಳವನ್ನು ಅಂಗೈಯಲ್ಲಿ ಪುಡಿಮಾಡಿ ನಿಂಬೆರಸ ಹಿಂಡಿ ತೋರಿಸಿದರು. ಕಡುಗೆಂಪು ನೋಡನೋಡುತ್ತ ಕಿತ್ತಳೆಗೆ ತಿರುಗಿತು.

ಸ್ಪೇನಿನ ಆಳ್ವಿಕೆಯಲ್ಲಿ ಮೆಕ್ಸಿಕೋದ ರಫ್ತಿನಲ್ಲಿ ಬೆಳ್ಳಿಯ ನಂತರದ ಸ್ಥಾನ ಈ ಬಣ್ಣದ್ದಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ಖಾನೆಯ ಬಣ್ಣ ಬಂತು, ಬೆಲೆ ಕುಸಿಯಿತು. ಆಗ ಆ ಸೀಮೆ ಹಿಡಿದ ಹೊಸ ಬೆಳೆ ಯಾವುದು ಗೊತ್ತೆ? ಕಾಫಿ.

ಕಾಫಿಯಿರಲಿ ಜಮಖಾನವಿರಲಿ, ನಡುವೆ ದಲ್ಲಾಳಿ ಇದ್ದೇ ಇದ್ದಾನೆ. ನೇಕಾರರ ಊರಿನಲ್ಲಿ ವ್ಯಾಪಾರಿಯೇ ನೂಲು, ನಮೂನೆ ಕೊಟ್ಟು ಒಂದಕ್ಕಿಷ್ಟು ಕೂಲಿ ಎಂದು ಗೊತ್ತುಮಾಡುವುದುಂಟು. ನಮ್ಮನ್ನು ಕರೆದೊಯ್ದ ಕಾರಿನವನೂ ಮೊದಲು ನಿಲ್ಲಿಸಿದ್ದು ದೊಡ್ಡ ಅಂಗಡಿಯ ಮುಂದೆ. ಅವನ ಕಮಿಷನ್ ಅಲ್ಲಿತ್ತು. ಇದನ್ನು ಕಂಡೇ 1980ರ ದಶಕದಿಂದ ಅಲ್ಲಿನ ಹೆಂಗಸರು ಸಂಘ ಕಟ್ಟಿ ತಾವೇ ಮಾರತೊಡಗಿದರು. ಅದೇ ದಶಕದಲ್ಲಿ ಅದೇ ರಾಜ್ಯದ ಸಾಪೋಟೆಕ್ ಮತ್ತಿತರ ಸಣ್ಣ ಕಾಫಿ ಬೆಳೆಗಾರರು ಯುಸಿರಿ ಎಂಬ ಒಕ್ಕೂಟ ಮಾಡಿಕೊಂಡರು. ದಲ್ಲಾಳಿಗೆ ಅಲ್ಲಿ 'ಕೊಯೋತೆ' ಎನ್ನುತ್ತಾರೆ. ಅದು ನರಿ, ತೋಳಗಳ ಜಾತಿಯ ಪ್ರಾಣಿ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನ್ಯಾಯಯುತ ಬೆಲೆಯ ಮ್ಯಾಕ್ಸ್ ಹಾವೆಲಾರ್ ಮುದ್ರೆ ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಕಾಫಿ ಈ ಒಕ್ಕೂಟದ್ದು.

ಈಗ ನಮ್ಮ ಮಾತಿಗೆ ಬರೋಣ. ಧಾರಣೆ ಬಿದ್ದಾಗ ನಮಗೆ ಸಂಘ ನೆನಪಾಗುತ್ತದೆ. ಹೊರಗೆ ಕಿಲೋಗೆ ಐದು ರೂಪಾಯಿ ಹೆಚ್ಚು ಸಿಕ್ಕರೆ ಒಳ್ಳೆಯ ಮಾಲು ಅತ್ತ ಹೋಗಿ, ಉಳಿದದ್ದು ಸಂಘದ ಗೋದಾಮಿಗೆ ಬರುತ್ತದೆ. ತಪ್ಪೆಲ್ಲ ಸದಸ್ಯರದೇ ಎಂದು ನಾವು ಹೇಳುವುದಿಲ್ಲ. ತೂಕದಲ್ಲಿ, ದರ್ಜೆಯಲ್ಲಿ ಅನುಮಾನಕ್ಕೆ ಎಡೆಯಿರಬಾರದು, ಹಣ ತಡವಾಗಬಾರದು. ಮಗಳ ಮದುವೆ ನಿಶ್ಚಯವಾದವರಿಗೆ ಮುಂಗಡ ಕೊಡುವವನು ವ್ಯಾಪಾರಿಯೊಬ್ಬನೇ ಆದರೆ ಅವರು ಅಲ್ಲಿಗೇ ಹೋಗುತ್ತಾರೆ. ಇದನ್ನು ಸರಿಪಡಿಸುವ ಹೊಣೆ ಸಂಘದ್ದು. ಆದರೆ ಒಳ್ಳೆಯ ಮಾಲೇ ಇಲ್ಲದ ಸಂಘ ಯಾವ ಪೇಟೆಯಲ್ಲಿ ನಿಂತು ಒಳ್ಳೆಯ ಬೆಲೆ ಕೇಳೀತು?

ಆ ಹೆಂಗಸರು ತಮ್ಮ ಅತ್ಯುತ್ತಮ ಜಮಖಾನಗಳನ್ನೇ ಸಂಘದ ಗೋಡೆಗೆ ತೂಗುಹಾಕಿದ್ದರು. ಈ ಸಲದ ಕುಯ್ಲು ಮುಗಿದಾಗ ನಮ್ಮ ಮೊದಲ ದರ್ಜೆಯ ಮೂಟೆಯೂ ಮೊದಲು ಸಂಘದ ಬಾಗಿಲಿಗೆ ಬರಲಿ ಎಂಬುದು ನಮ್ಮ ವಿನಂತಿ.