ಕಬ್ಬಿನ ಸಿಪ್ಪೆಯ ವಿದ್ಯುತ್: ಬೇಸಿಗೆಗೆ ಉಳಿಯುವುದೆಷ್ಟು?

2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ವಿದ್ಯುತ್ ಅಭಾವ ತಲೆದೋರಿದಾಗ ರಾಜ್ಯ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಉತ್ಪಾದಕರೆಲ್ಲ ರಾಜ್ಯಕ್ಕೇ ವಿದ್ಯುತ್ ನೀಡಬೇಕೆಂದು ಆದೇಶಿಸಿತು. ಸಕ್ಕರೆ ಕಾರ್ಖಾನೆಗಳ ಸಹ ವಿದ್ಯುತ್ ಘಟಕಗಳ ಮೇಲೂ ಆಗ ಕಣ್ಣು ಬಿತ್ತು. ಆದರೆ ಆದೇಶದಿಂದ ಉರುವಲು ಹುಟ್ಟುವುದಿಲ್ಲ.

ಅರೆದ ಕಬ್ಬಿನ ತೂಕದಲ್ಲಿ ಸುಮಾರು ಶೇ. 30ರಷ್ಟು ಸಿಪ್ಪೆಯಾಗಿ ಉಳಿಯುತ್ತದೆ. ಅದನ್ನು ಉರಿಸಿ ಪಡೆದ ಅಧಿಕ ಒತ್ತಡದ ಉಗಿ ಮೊದಲು ಟರ್ಬೈನ್ ತಿರುಗಿಸುತ್ತದೆ. ಒತ್ತಡ ಇಳಿದ ಅದೇ ಉಗಿ ಅನಂತರ ಕಬ್ಬಿನ ರಸವನ್ನು ಕುದಿಸುತ್ತದೆ. ಈ ವ್ಯವಸ್ಥೆಯ ಜಾಣತನವೆಲ್ಲ ಇಲ್ಲಿದೆ, ತೊಡಕೂ ಇಲ್ಲಿಯೇ. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ ಶಿಖರ ಮುಟ್ಟುವ ಹೊತ್ತಿಗೆ ಹೆಚ್ಚಿನೆಡೆ ಕಬ್ಬು ಅರೆಯುವ ಹಂಗಾಮೇ ಮುಗಿದಿರುತ್ತದೆ. ಉಳಿಸಿದ ಸಿಪ್ಪೆಯಿಂದ ಆಗಲೂ ಟರ್ಬೈನ್ ನಡೆಸಬಹುದು. ಕುದಿಸಲು ರಸವಿಲ್ಲದ ಕಾರಣ ಉಗಿಯ ಬಹುಪಾಲು ಶಾಖ ಕಂಡೆನ್ಸರ್‌ನಲ್ಲಿ ವ್ಯರ್ಥವಾಗುತ್ತದೆ.

ಹಾಗಿದ್ದರೂ ಉಳಿತಾಯವೇ ಲೇಸು. ಹಳೆಯ ಕಾರ್ಖಾನೆಗಳಲ್ಲಿ ಟನ್ ಕಬ್ಬಿಗೆ 500 ಕೆ.ಜಿ.ಯಷ್ಟು ಉಗಿ ವ್ಯಯವಾದರೆ, ರಸ ಕುದಿಸುವ ಹಂತಗಳನ್ನು ಸುಧಾರಿಸಿದೆಡೆ ಅದನ್ನು 400 ಕೆ.ಜಿ.ಗಿಂತ ಕೆಳಗಿಳಿಸಬಹುದು. ಈಗ ಎಥೆನಾಲ್ ಡಿಸ್ಟಿಲರಿಗಳೂ ಅದೇ ಉಗಿಗೆ ಕೈಚಾಚಿವೆ. ವರ್ಷವಿಡೀ ಒಂದೇ ದರವೆಂದಾದರೆ ಯಾವ ಕಾರ್ಖಾನೆ ಸಿಪ್ಪೆಯನ್ನು ಏಪ್ರಿಲ್‌ವರೆಗೆ ಕಾದಿರಿಸೀತು? ಬೇಸಿಗೆಯ ಯೂನಿಟ್‌ಗೆ ಹೆಚ್ಚಿನ ಬೆಲೆಯನ್ನು ಹಂಗಾಮಿಗೆ ಮುನ್ನವೇ ಘೋಷಿಸಿದರೆ ಮಾತ್ರ ಈ ಲೆಕ್ಕಾಚಾರ ಬದಲಾಗಬಹುದು.